ಹಾಡು ಮುಗಿದ ಮೇಲೆ ಊಟದ ಸಾಲು

  ಇವತ್ತಿನ ಸಂಚಿಕೆ ಸ್ವಲ್ಪ ನನ್ನ ಸ್ವಂತದ್ದು, ಸ್ವಲ್ಪ ಇತಿಹಾಸದ್ದು. ಎರಡೂ ಕಲಸಿಕೊಂಡೇ ಬರುತ್ತೆ, ಸಹಿಸ್ಕೊಳ್ಳಿ.

ಇದು ಶುರುವಾಗಿದ್ದು ನನ್ನ ಅಕ್ಕನ ಮಗನಿಂದ. 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ಬ್ಯಾಂಡ್ ನವಿ ಮುಂಬೈಗೂ ಅಹಮದಾಬಾದ್‌ಗೂ ಬಂದಿತ್ತಲ್ಲ, ಅದರ ಟಿಕೆಟ್ ಬಿಟ್ಟ ದಿನ ಅವನು ಮೊಬೈಲ್ ಹಿಡ್ಕೊಂಡು ಆನ್‌ಲೈನ್ ಕ್ಯೂನಲ್ಲಿ ನಿಂತಿದ್ದ. ನಿಂತಿದ್ದ ಅಂದ್ರೆ ಸೋಫಾ ಮೇಲೆ ಮಲಗಿದ್ದ. ಅವನ ಮುಂದೆ ಲಕ್ಷಗಟ್ಟಲೆ ಜನ. ಟಿಕೆಟ್ ಸಿಗಲಿಲ್ಲ. ಆ ಬೇಜಾರಲ್ಲಿ ನನ್ನ ಕಡೆ ತಿರುಗಿ, "ಮಾಮ, ನೀನು ಲೈಫಲ್ಲಿ ನೋಡಿದ ಬೆಸ್ಟ್ ಲೈವ್ ಕಾನ್ಸರ್ಟ್ ಯಾವುದು?" ಅಂದ.

ನಾನು ಯೋಚನೆನೇ ಮಾಡದೆ, "1997, ನಮ್ಮೂರ ಗಣಪತಿ ಹಬ್ಬದ ರಸಮಂಜರಿ" ಅಂದೆ. ಅವನು ನಕ್ಕ. ರಸಮಂಜರಿ ಅಂದ್ರೆ ಏನು ಅಂತ ಗೊತ್ತಿಲ್ಲದೆ ನಕ್ಕ, ಅದು ಬೇರೆ ವಿಷಯ. ಆದರೆ ಆ ಪ್ರಶ್ನೆ ನನ್ನೊಳಗೆ ಉಳೀತು. ನಾನು ಎಷ್ಟು ಕಛೇರಿ ಕೇಳಿದೀನಿ, ಎಲ್ಲೆಲ್ಲಿ, ಯಾರ್ಯಾರದ್ದು ಅಂತ ಲೆಕ್ಕ ಹಾಕೋಕೆ ಕೂತೆ. ಆ ಲೆಕ್ಕ ಹೋಗಿ ನಿಂತಿದ್ದು ನಾನು ನೆನೆಸದೇ ಇದ್ದ ಜಾಗದಲ್ಲಿ.

ಮೊದಲು ಊರು ಎಲ್ಲಿದೆ ಹೇಳ್ತೀನಿ. ಶಿರಾಳಕೊಪ್ಪದಿಂದ ಆನವಟ್ಟಿ ಕಡೆ ಹೋಗುವ ದಾರಿಯಲ್ಲಿ. ಶಿಕಾರಿಪುರ ತಾಲ್ಲೂಕು ಮುಗಿದು ಸೊರಬ ತಾಲ್ಲೂಕು ಶುರುವಾಗುವ ಕಡೆ. ಹೆಸರು ಹೇಳಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಇಂಥ ಗಡಿಯಲ್ಲಿ ಹುಟ್ಟಿದವರಿಗೆ ಒಂದು ಲಾಭ ಇದೆ: ಎಲ್ಲಾ ದಿಕ್ಕಿನಿಂದಲೂ ಹಾಡು ಬರುತ್ತೆ. ಪಡುವಣ ಘಟ್ಟದ ಕೆಳಗಿನಿಂದ ಯಕ್ಷಗಾನದ ಮೇಳಗಳು. ಬಡಗಿನಿಂದ, ಹಾನಗಲ್ ದಾಟಿ, ಗದಗದ ಕಡೆಯ ಗವಾಯಿಗಳು. ತೆಂಕಣ ಶಿವಮೊಗ್ಗದಿಂದ ಆರ್ಕೆಸ್ಟ್ರಾ. ಗಾಳಿಯಲ್ಲಿ ಭದ್ರಾವತಿ ಆಕಾಶವಾಣಿ, ಅದು 1965ರಿಂದ ಇದೆ. ಊರೊಳಗೆ ನಮ್ಮದೇ ಡೊಳ್ಳು. ಡೊಳ್ಳಿಗೆ ಒಂದು ಬೇರೆ ಸಂಚಿಕೆಯೇ ಬೇಕು, ಇಲ್ಲಿ ಒಂದು ಮಾತು ಮಾತ್ರ: 1990ರಿಂದ 92ರವರೆಗೆ ಮುಖ್ಯಮಂತ್ರಿ ಆಗಿದ್ದ ಬಂಗಾರಪ್ಪನವರು ನಮ್ಮ ಪಕ್ಕದ ಕುಬಟೂರಿನವರು, ಅವರಿಗೆ ಡೊಳ್ಳು, ಸಂಗೀತ ಅಂದ್ರೆ ಪ್ರಾಣ. ಹಾಗಾಗಿ ನಮ್ಮ ಕಡೆ ಡೊಳ್ಳು ಹೊಡೆಯೋದನ್ನ ಯಾರೂ ಹಳ್ಳಿ ಗಮಾರರ ಕೆಲಸ ಅಂತ ಅನ್ನುವ ಧೈರ್ಯ ಮಾಡ್ತಿರಲಿಲ್ಲ.

ನಾನು ಟಿಕೆಟ್ ಕೊಟ್ಟು ನೋಡಿದ ಮೊದಲ ಕಾರ್ಯಕ್ರಮ ಯಕ್ಷಗಾನ. 1989, ನನಗೆ ಹನ್ನೊಂದು ವರ್ಷ. ಸೊರಬದಲ್ಲಿ ಕೊಯ್ಲಾದ ಗದ್ದೆಯಲ್ಲಿ ಟೆಂಟ್ ಹಾಕಿದ್ರು. ಟಿಕೆಟ್ ಕೊಟ್ಟಿದ್ದು ಸೋದರಮಾವ, ಕುರ್ಚಿಯದ್ದಲ್ಲ, ನೆಲದ್ದು. ರಾತ್ರಿ ಒಂಬತ್ತೂವರೆಗೆ ಚಂಡೆ ಶುರು, ಬೆಳಕು ಹರಿಯೋ ತನಕ ಆಟ. ನಾನು ನಡುರಾತ್ರಿ ಮಾವನ ಕಂಬಳಿಯಲ್ಲಿ ನಿದ್ದೆ ಹೋದೆ ಅನ್ನೋದನ್ನ ಒಪ್ಪಿಕೊಳ್ತೀನಿ. ಎಚ್ಚರ ಆದಾಗ ಭಾಗವತರ ದನಿ ಟೆಂಟಿನ ಬಟ್ಟೆಯನ್ನೇ ಅಲುಗಾಡಿಸ್ತಿತ್ತು. ಮಾವ ಮಾತ್ರ ತೃಪ್ತಿಯಾಗದವನ ಹಾಗೆ, "ನೀನು ಕಾಳಿಂಗ ನಾವಡರನ್ನ ಕೇಳ್ಬೇಕಿತ್ತು" ಅಂತಿದ್ದ. ಆ ಕಾಲದಲ್ಲಿ ಬಡಗುತಿಟ್ಟಿನ ಯಾವ ಭಾಗವತ ಹಾಡಿದ್ರೂ ಜನ ಹೀಗೇ ಅಂತಿದ್ರು. ಸಾಲಿಗ್ರಾಮ ಮೇಳದ ಜಿ.ಆರ್. ಕಾಳಿಂಗ ನಾವಡರು ಯಕ್ಷಗಾನದ ಹಾಡಿಗೆ ಸಿನಿಮಾದಷ್ಟೇ ಜನ ಸೇರಿಸಿದವರು, 'ನಾಗಶ್ರೀ' ಅನ್ನೋ ಪ್ರಸಂಗ ಬರೆದವರು. ಮುಂದಿನ ವರ್ಷ ಕೇಳಿಸ್ತೀನಿ ಅಂದಿದ್ದ ಮಾವ. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ನಾವಡರು ತೀರಿಕೊಂಡ್ರು. ಇನ್ನೂ ಚಿಕ್ಕ ವಯಸ್ಸು. ನನ್ನ ಪಾಲಿಗೆ ಅವರು ಕ್ಯಾಸೆಟ್ಟಿನಲ್ಲೇ ಉಳಿದ್ರು.

ಆದರೆ ಸೊರಬದ ಆ ರಾತ್ರಿಯಿಂದ ನನಗೆ ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿರೋದು ಹಾಡಲ್ಲ, ಬೆಳಗ್ಗೆ. ಆಟ ಮುಗಿದ ಮೇಲೆ ಮಾವ ನನ್ನನ್ನ ಚೌಕಿಗೆ, ಅಂದ್ರೆ ವೇಷ ಕಟ್ಟುವ ಜಾಗಕ್ಕೆ, ಕರ್ಕೊಂಡು ಹೋದ. ರಾತ್ರಿ ಇಡೀ ಕೌರವನಾಗಿ ಗುಡುಗಿದ ಮನುಷ್ಯ ಅರ್ಧ ಬಣ್ಣ ಒರೆಸಿಕೊಂಡು, ಪೆಟ್ಟಿಗೆ ಮೇಲೆ ಕೂತು, ಪೇಪರಿನಲ್ಲಿ ಕಟ್ಟಿದ ಅವಲಕ್ಕಿ ತಿಂತಿದ್ದ. "ತಿಂಡಿ ಇಲ್ಲೇ ಮಾಡಿ ಹೋಗಬಹುದಲ್ಲ" ಅಂದ ಮಾವ. "ಇನ್ನು ಮುಂದಿನ ಊರಲ್ಲೇ" ಅಂದ್ರು ಅವರು. ಲಾರಿ ಆಗಲೇ ಸ್ಟಾರ್ಟ್ ಆಗಿತ್ತು. ಟೆಂಟ್ ಮೇಳಗಳಿಗೆ ಮಳೆಗಾಲ ಬರೋ ತನಕ ದಿನಕ್ಕೊಂದು ಊರು. ಕಲಾವಿದರಿಗೆ ಆ ತಿರುಗಾಟದ ಲೆಕ್ಕದಲ್ಲಿ ಸಂಬಳ. ಮಳೆಗಾಲದಲ್ಲಿ ಕೆಲವರು ಮುಂಬೈ, ಬೆಂಗಳೂರಿನ ಸಭಾಂಗಣಗಳಲ್ಲಿ ಆಟ ಆಡ್ತಿದ್ರು, ಉಳಿದವರು ಗದ್ದೆಗೆ ಇಳೀತಿದ್ರು. ಕೌರವ ನಾಟಿ ಮಾಡ್ತಾನೆ ಅನ್ನೋದು ನನಗೆ ಆಗ ನಂಬೋಕೇ ಆಗಲಿಲ್ಲ.

ಎರಡನೆಯದು ನಮ್ಮ ಮನೆಯ ಅಂಗಳದಲ್ಲೇ ಆಗಿದ್ದು. ನಮ್ಮ ಕಡೆ ಶ್ರಾವಣ ಮಾಸದಲ್ಲಿ ಮಠದಲ್ಲಿ ಪುರಾಣ ಹಚ್ಚಿಸ್ತಾರೆ. ಒಬ್ಬರು ಹೇಳೋದು, ನಡುನಡುವೆ ಹಾಡೋದಕ್ಕೆ ಒಬ್ಬ ಗವಾಯಿ, ಒಬ್ಬ ತಬಲದವನು. ನಾನು ಹೈಸ್ಕೂಲಿನಲ್ಲಿದ್ದ ಒಂದು ವರ್ಷ ಗದಗದ ಕಡೆಯಿಂದ ಬಂದ ಗವಾಯಿಗೆ ಕಣ್ಣು ಕಾಣ್ತಿರಲಿಲ್ಲ. ಇದರಲ್ಲಿ ಆಶ್ಚರ್ಯ ಏನಿಲ್ಲ, ಗದಗ ಅಂದ್ರೆ ವೀರೇಶ್ವರ ಪುಣ್ಯಾಶ್ರಮ. ಅದನ್ನ ಕಟ್ಟಿದ ಪಂಚಾಕ್ಷರಿ ಗವಾಯಿಗಳು ನಮ್ಮ ಪಕ್ಕದ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು. ಹುಟ್ಟಿದ್ದು 1892ರಲ್ಲಿ, ಕಣ್ಣಿಲ್ಲ. ಹಾನಗಲ್ಲಿನ ಕುಮಾರಸ್ವಾಮಿಗಳು ಆ ಹುಡುಗನನ್ನ ಸಂಗೀತಕ್ಕೆ ಹಚ್ಚಿದ್ರು. ಮುಂದೆ ಅವರು ತಮ್ಮಂಥದ್ದೇ ಕಣ್ಣಿಲ್ಲದ ಮಕ್ಕಳನ್ನ, ಬಡ ಮಕ್ಕಳನ್ನ ಸೇರಿಸಿಕೊಂಡು ಊಟ ಹಾಕಿ ಹಾಡು ಕಲಿಸಿದ್ರು. ಊಟ ಹಾಕೋದಕ್ಕೆ ದುಡ್ಡು ಬೇಕಲ್ಲ, ಅದಕ್ಕೆ ನಾಟಕ ಕಂಪನಿಯನ್ನೇ ಕಟ್ಟಿದ್ರು. 1944ರಲ್ಲಿ ಅವರು ಹೋದ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು, ಅವರಿಗೂ ಕಣ್ಣಿಲ್ಲ, 2010ರಲ್ಲಿ ತೀರಿಕೊಳ್ಳೋ ತನಕ ಅದನ್ನ ನಡೆಸಿದ್ರು. ಉತ್ತರ ಕರ್ನಾಟಕದ ಯಾವ ಜಾತ್ರೆಗೆ ಹೋದ್ರೂ ಅಲ್ಲಿ ಕಲಿತ ಒಬ್ಬ ಹಾಡುಗಾರ ಸಿಗ್ತಾನೆ.

ನಮ್ಮ ಮನೆಗೆ ಊಟಕ್ಕೆ ಬಂದ ಗವಾಯಿ ಎಲೆ ಮುಂದೆ ಕೂತು ನನ್ನನ್ನ ಕರೆದ್ರು. "ತಮ್ಮಾ, ಎಲೆಯನ್ನ ಗಡಿಯಾರ ಅಂತ ತಿಳ್ಕೊ. ಪಲ್ಯ ಎಷ್ಟು ಗಂಟೆಗೆ ಐತಿ?" ನಾನು ಹೇಳಿದೆ, ಹತ್ತು ಗಂಟೆಗೆ ಎಣ್ಣೆಗಾಯಿ, ಹನ್ನೆರಡಕ್ಕೆ ಚಟ್ನಿ, ಎರಡಕ್ಕೆ ಶಾವಿಗೆ ಪಾಯಸ. ಅಜ್ಜಿ ಮನೆ ಗಂಡಸರನ್ನೆಲ್ಲ ನಿಲ್ಲಿಸಿ ಅವರಿಗೇ ಮೊದಲು ಬಡಿಸಿದ್ಳು. ಅಪ್ಪ ಸ್ವಲ್ಪ ಮುಖ ಕಿವುಚಿದ. ಆಮೇಲೆ ಅವರು ಹೋಗಲಿಲ್ಲ, ಅಂಗಳದ ಕಟ್ಟೆ ಮೇಲೆ ಹಾರ್ಮೋನಿಯಂ ಇಟ್ಕೊಂಡು, ಯಾರೂ ಕೇಳದೇನೇ, ಅಕ್ಕಮಹಾದೇವಿಯ ಎರಡು ವಚನ ಹಾಡಿದ್ರು. ಉಡುತಡಿ, ಅಂದ್ರೆ ಅಕ್ಕ ಹುಟ್ಟಿದ ಉಡುಗಣಿ, ನಮ್ಮದೇ ತಾಲ್ಲೂಕು. ಆ ವಚನಗಳನ್ನ ಮಲ್ಲಿಕಾರ್ಜುನ ಮನ್ಸೂರರ ಕ್ಯಾಸೆಟ್ಟಿನಲ್ಲಿ ನೂರು ಸಲ ಕೇಳಿದ್ದೆ. ಆದರೆ ಅಕ್ಕನ ಊರಿಂದ ಕೆಲವೇ ಮೈಲಿ ದೂರದ ಅಂಗಳದಲ್ಲಿ, ದನ ಕಟ್ಟಿದ ಕೊಟ್ಟಿಗೆ ಪಕ್ಕ ಕೇಳಿದ್ದು ಬೇರೆ ಥರ ಇತ್ತು. ಹೇಗೆ ಬೇರೆ ಅಂತ ಕೇಳಬೇಡಿ. ಎಮ್ಮೆ ಕೂಗಿದಾಗ ಅವರು ನಿಲ್ಲಿಸಿ, ಅದರ ಶ್ರುತಿಗೆ ಹಾರ್ಮೋನಿಯಂ ಮನೆ ಒತ್ತಿ ತೋರಿಸಿ, ನಕ್ಕು ಮುಂದುವರಿಸಿದ್ರು.

ಈಗ 1997.

ಗಣಪತಿ ಕೂರಿಸುವ ಹುಡುಗರ ಕಮಿಟಿಯಲ್ಲಿ ನಾನೂ ಒಬ್ಬ. ಹತ್ತೊಂಬತ್ತು ವರ್ಷ, ಮೀಸೆ ಆಗಷ್ಟೇ ಮಾತು ಕೇಳ್ತಿತ್ತು. ಆ ವರ್ಷ ನಾವು ಹರಿಕಥೆ ಬೇಡ, ರಸಮಂಜರಿ ಮಾಡಿಸೋಣ ಅಂತ ಹಟ ಹಿಡಿದ್ವಿ. ಗೊತ್ತಿಲ್ಲದವರಿಗೆ: ರಸಮಂಜರಿ ಅಂದ್ರೆ ಸಿನಿಮಾ ಹಾಡುಗಳ ಆರ್ಕೆಸ್ಟ್ರಾ. ಒಂದು ಕೀಬೋರ್ಡ್, ಒಂದು ರಿದಮ್ ಪ್ಯಾಡ್, ಒಂದು ಢೋಲಕ್, ರಾಜ್‌ಕುಮಾರ್ ದನಿಯಲ್ಲಿ ಹಾಡುವ ಒಬ್ಬ ಗಂಡಸು, ಜಾನಕಿ ದನಿಯಲ್ಲಿ ಹಾಡುವ ಒಬ್ಬ ಹೆಂಗಸು, ನಡುವೆ ಮಿಮಿಕ್ರಿ. ಚೀಟಿಯಲ್ಲಿ ಹಾಡಿನ ಹೆಸರು, ಜೊತೆಗೆ ಹತ್ತು ರೂಪಾಯಿ ಪಿನ್ ಮಾಡಿ ಕಳಿಸೋದು. 'ಜನುಮದ ಜೋಡಿ' ಇನ್ನೂ ಜನರ ಬಾಯಲ್ಲಿ ಓಡ್ತಿದ್ದ ಕಾಲ, ಅದರ ಹಾಡುಗಳಿಗೆ ಒನ್ಸ್ ಮೋರ್ ಮೇಲೆ ಒನ್ಸ್ ಮೋರ್. ಸುತ್ತಲಿನ ಊರುಗಳಿಂದ ಟ್ರ್ಯಾಕ್ಟರಿನಲ್ಲಿ ಜನ ಬಂದಿದ್ರು.

ರಾತ್ರಿ ಹನ್ನೆರಡೂವರೆ ಸುಮಾರಿಗೆ ಕರೆಂಟ್ ಹೋಯ್ತು. ಜನರೇಟರ್‌ಗೆ ದುಡ್ಡಿರಲಿಲ್ಲ ನಮ್ಮ ಹತ್ರ. ಕೀಬೋರ್ಡ್ ಸತ್ತಿತು, ಪ್ಯಾಡ್ ಸತ್ತಿತು, ಮೈಕ್ ಸತ್ತಿತು. ಶಿಳ್ಳೆ, ಕೂಗು, ಯಾರೋ ಚಪ್ಪಲಿ ಎಸೆದ ಸದ್ದು. ಆಗ ಆ ಹಾಡುವ ಅಕ್ಕ ವೇದಿಕೆಯಿಂದ ಕೆಳಗೆ ಇಳಿದು ಬಂದು, ಜನರ ನಡುವೆ ನಿಂತು, ಸುಮ್ಮನೆ ಹಾಡೋಕೆ ಶುರು ಮಾಡಿದ್ಳು. ಮೊದಲಿಗೆ ಮೊದಲ ಎರಡು ಸಾಲಿನವರಿಗೆ ಮಾತ್ರ ಕೇಳಿಸ್ತಿತ್ತು. ಅವರು ಸುಮ್ಮನಾದ್ರು. ಅವರ ಹಿಂದಿನವರು ಸುಮ್ಮನಾದ್ರು. ಢೋಲಕ್ಕಿನವನು ಕತ್ತಲಲ್ಲೇ ತಡವರಿಸಿ ಬಂದು ಪಕ್ಕದಲ್ಲಿ ಕೂತ. ಇಪ್ಪತ್ತು ನಿಮಿಷ. ನಾಲ್ಕು ಹಾಡು. ಸಾವಿರ ಜನ ಇದ್ರೇನೋ, ಒಂದು ಮಗು ಅತ್ತಿದ್ದು ಬಿಟ್ರೆ ಬೇರೆ ಸದ್ದಿಲ್ಲ. ಕೊನೆಯದು ಸಿನಿಮಾ ಹಾಡಲ್ಲ, ಬೀಸೋ ಕಲ್ಲಿನ ಪದ, ನಮ್ಮಜ್ಜಿ ಹಾಡ್ತಿದ್ದಂಥದ್ದು. ಅವಳೂ ನಮ್ಮ ಕಡೆಯವಳೇ ಅಂತ ಆಗ ಗೊತ್ತಾಯ್ತು. ಕರೆಂಟ್ ಬಂದಾಗ ಜನ "ಆರಿಸ್ರೋ" ಅಂತ ಕೂಗಿದ್ರು.

ಈ ಕಥೆಯನ್ನ ನಾನು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಹೇಳ್ಕೊಂಡು ಬಂದಿದೀನಿ. ಆಫೀಸಿನಲ್ಲಿ, ರೈಲಿನಲ್ಲಿ, ಮದುವೆ ಮನೆಯಲ್ಲಿ. "ಆರಿಸ್ರೋ" ಅನ್ನುವಲ್ಲಿಗೆ ಕಥೆ ಮುಗಿಯುತ್ತೆ, ಕೇಳಿದವರು ಆಹಾ ಅಂತಾರೆ. ನಾನು ಆ ಕಮಿಟಿಯಲ್ಲಿ ಊಟದ ಉಸ್ತುವಾರಿ ಆಗಿದ್ದೆ ಅನ್ನೋದು ಕಥೆಯಲ್ಲಿ ಯಾವತ್ತೂ ಬರ್ತಿರಲಿಲ್ಲ.

ಆಮೇಲೆ ಬೆಂಗಳೂರು, ಕೆಲಸ. 2005ರ ಏಪ್ರಿಲ್‌ನಲ್ಲಿ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರ 'ಕನ್ನಡವೇ ಸತ್ಯ'. ನೀವು ಯೂಟ್ಯೂಬಿನಲ್ಲಿ ನೋಡಿರ್ತೀರಿ. ಕನ್ನಡದ ಭಾವಗೀತೆ, ತತ್ವಪದ ಕೇಳೋಕೆ ಅಷ್ಟು ಜನ, ಲಕ್ಷ ಅಂತ ಆಮೇಲೆ ಎಲ್ಲರೂ ಅಂದ್ರು, ಒಂದೇ ಮೈದಾನದಲ್ಲಿ ಸೇರಿದ್ದು ನನ್ನ ಕಾಲದಲ್ಲಿ ಅದೇ. ನಾನು ಎಷ್ಟು ಹಿಂದೆ ಇದ್ದೆ ಅಂದ್ರೆ ಅಶ್ವತ್ಥ್ ಕೈ ಎತ್ತಿ ಬೀಸೋದು ಪರದೆಯಲ್ಲಿ ಮೊದಲು ಕಾಣ್ತಿತ್ತು, ದನಿ ಆಮೇಲೆ ತಲುಪ್ತಿತ್ತು. ಆ ದನಿಯ ಬಿರುಸು ಮಾತ್ರ ಅಷ್ಟು ದೂರಕ್ಕೂ ಒಂಚೂರೂ ಕಮ್ಮಿಯಾಗಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಟೆಕ್ಕಿ ಹುಡುಗ ಶರೀಫರ ಪದ ಬಂದಾಗ ಅಳ್ತಿದ್ದ. ಶಿಶುನಾಳ ಶರೀಫರು ತಂಬೂರಿ ಹಿಡಿದು ಹಾಡಿಕೊಂಡಿದ್ದ ಶಿಗ್ಗಾವಿ ಸೀಮೆ ನಮ್ಮೂರಿಂದ ದೂರವೇನಲ್ಲ, ಬಡತನದಲ್ಲೇ 1889ರಲ್ಲಿ ಸತ್ತ ಮನುಷ್ಯ. ನೂರು ವರ್ಷದ ಮೇಲೆ ಅವರ ಪದಗಳಿಗೆ ಅರಮನೆ ಮೈದಾನ ತುಂಬಿತು. ನಾನು ಮೆಜೆಸ್ಟಿಕ್ಕಿನ ತನಕ ನಡೆದು, ತಳ್ಳುಗಾಡಿಯಲ್ಲಿ ಚಿತ್ರಾನ್ನ ತಿಂದು ರೂಮಿಗೆ ಹೋದೆ. 2009ರಲ್ಲಿ ಅಶ್ವತ್ಥ್ ಹೋದ್ರು. ಅವರ ಜೊತೆ ಶರೀಫರ ಪದ ಹಾಡಿದ ಶಿವಮೊಗ್ಗ ಸುಬ್ಬಣ್ಣ 2022ರಲ್ಲಿ ಹೋದ್ರು. 'ಕಾಡು ಕುದುರೆ' ಸಿನಿಮಾದ ಹಾಡಿಗೆ ರಾಷ್ಟ್ರಪ್ರಶಸ್ತಿ, ಕನ್ನಡದ ಗಾಯಕರಿಗೆ ಸಿಕ್ಕ ಮೊದಲನೆಯದು. ಆದರೆ ಸುಬ್ಬಣ್ಣ ವೃತ್ತಿಯಿಂದ ವಕೀಲರು. ನಮ್ಮ ಜಿಲ್ಲೆಯ ಅಷ್ಟು ದೊಡ್ಡ ಹಾಡುಗಾರರಿಗೂ ಕರಿ ಕೋಟು ಬೇಕಿತ್ತು.

ಈಗ ಒಂದು ದೊಡ್ಡ ಜಿಗಿತ, ಎಂಟು ಒಂಬತ್ತು ನೂರು ವರ್ಷ ಹಿಂದಕ್ಕೆ. ಜಾಗ ಮಾತ್ರ ದೂರ ಇಲ್ಲ, ಶಿರಾಳಕೊಪ್ಪದಿಂದ ಆಟೋದಲ್ಲಿ ಹೋಗುವಷ್ಟು.

ಬಳ್ಳಿಗಾವಿ. ಸ್ಕೂಲಿನಿಂದ ಟ್ರಿಪ್ ಅಂತ ಕರ್ಕೊಂಡು ಹೋಗಿ, ಕೇದಾರೇಶ್ವರ ದೇವಸ್ಥಾನದ ಮುಂದೆ ಪುಳಿಯೋಗರೆ ತಿನ್ನಿಸಿ ವಾಪಸ್ ಕರ್ಕೊಂಡು ಬರ್ತಾರಲ್ಲ, ಅದೇ. ಒಂದು ಕಾಲಕ್ಕೆ ಅದು ಬನವಾಸಿ ನಾಡಿನ ರಾಜಧಾನಿ. ಸಂಗೀತದ ವಿಷಯದಲ್ಲಿ ನೋಡಿದ್ರೆ, ಬಳ್ಳಿಗಾವಿಯಿಂದ ಹೊರಟ ಅತಿ ದೊಡ್ಡ ಹೆಸರು ಒಬ್ಬ ಮದ್ದಳೆಗಾರನದು. ಅಲ್ಲಮಪ್ರಭು! ಹರಿಹರ ಬರೆದ ರಗಳೆಯಲ್ಲಿ ಅಲ್ಲಮ ದೇವಸ್ಥಾನದಲ್ಲಿ ಮದ್ದಳೆ ಬಾರಿಸುವ ಹುಡುಗ. ಕಮಲತೆಯನ್ನ ಪ್ರೀತಿಸ್ತಾನೆ, ಅವಳು ಸತ್ತು ಹೋಗ್ತಾಳೆ, ಇವನು ಮರುಳನಂತೆ ಅಲೀತಾನೆ. ಮುಂದೆ ಹದಿನೈದನೇ ಶತಮಾನದಲ್ಲಿ ಚಾಮರಸ ಅದೇ ಕಥೆ ಹೇಳುವಾಗ ಬನವಾಸಿಯ ದೇವಸ್ಥಾನದಲ್ಲಿ ಅಲ್ಲಮನ ಮದ್ದಳೆಗೆ ಮಾಯೆ ಕುಣೀತಾಳೆ. ನೀವು ಫೋಟೋದಲ್ಲಿ ನೋಡುವ ಗಡ್ಡದ ಅಲ್ಲಮನನ್ನ ಒಂದು ನಿಮಿಷ ಮರೆತು, ಬೆರಳಿಗೆ ಮದ್ದಳೆಯ ಕರಣೆ ಅಂಟಿಸಿಕೊಂಡ ಹುಡುಗನನ್ನ ನೆನೆಸ್ಕೊಳ್ಳಿ. ನಮ್ಮ ತಾಲ್ಲೂಕಿನ ಮೊದಲ ರಿದಮ್ ಪ್ಲೇಯರ್.

ಇನ್ನೊಬ್ಬ ದಾಸೋಜ, ಶಿಲ್ಪಿ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಮದನಿಕೆಯರಲ್ಲಿ ಕೆಲವರ ಕೆಳಗೆ ಬಳ್ಳಿಗ್ರಾಮೆಯ ದಾಸೋಜ ಅಂತ ಹೆಸರಿದೆ, ಅವನ ಮಗ ಚಾವಣನ ಹೆಸರೂ ಇದೆ. ಕುಣಿಯುವ, ಬಾರಿಸುವ ಹೆಣ್ಣುಗಳನ್ನ ಕೆತ್ತಿದ ಅಪ್ಪ ಮಗ ತಮ್ಮ ಹೆಸರು ಬರ್ಕೊಂಡ್ರು, ನಮಗೆ ಸಿಕ್ತು. ಯಾರನ್ನ ನೋಡಿ ಕೆತ್ತಿದ್ರೋ ಆ ಕುಣಿದವರ ಹೆಸರು ಅಲ್ಲಿ ಇಲ್ಲ.

ನನ್ನನ್ನ ಹಿಡಿದು ನಿಲ್ಲಿಸಿದ್ದು ಮಾತ್ರ ಇದ್ಯಾವುದೂ ಅಲ್ಲ, ಒಂದು ಶಾಸನ. ಕೇದಾರೇಶ್ವರ ಇರೋದು ಕೆರೆಯ ದಂಡೆಯಲ್ಲಿ, ಕೆರೆಕೋಡಿಯ ಪಕ್ಕ ಇದ್ದಿದ್ದಕ್ಕೇ ಅಲ್ಲಿದ್ದ ಮಠಕ್ಕೆ ಕೋಡಿಯ ಮಠ ಅಂತ ಹೆಸರು. ಕಾಳಾಮುಖ ಶೈವರ ಮಠ. 1162ರಲ್ಲಿ ಬಿಜ್ಜಳ ರಾಜ, ಬಸವಣ್ಣನವರ ಕಥೆಯಲ್ಲಿ ಬರ್ತಾನಲ್ಲ ಅದೇ ಬಿಜ್ಜಳ, ದಕ್ಷಿಣದ ಕಡೆ ದಂಡೆತ್ತಿ ಬಂದಾಗ ಈ ಮಠಕ್ಕೆ ದಾನ ಕೊಟ್ಟ. ಆಗ ಗುರು ವಾಮಶಕ್ತಿ. ಆ ದಾನದ ಶಾಸನ ಮಠ ಎಂಥದ್ದು ಅಂತ ಉದ್ದಕ್ಕೆ ವರ್ಣಿಸುತ್ತೆ. ಬಿ.ಎಲ್. ರೈಸ್ ಇದನ್ನ 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ 7ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ. ನಾನು ಓದಿದ್ದು ಬೆಂಗಳೂರಿನ ಒಂದು ಲೈಬ್ರರಿಯಲ್ಲಿ, ಬೇರೇನೋ ಹುಡುಕ್ತಾ.

ಮೊದಲು ಓದಿನ ಪಟ್ಟಿ ಬರುತ್ತೆ. ನಾಲ್ಕು ವೇದ, ಹಲವು ವ್ಯಾಕರಣಗಳು, ಆರು ದರ್ಶನ, ಹದಿನೆಂಟು ಪುರಾಣ, ಕಾವ್ಯ, ನಾಟಕ, ಎಲ್ಲಾ ಇಲ್ಲಿ ಕಲಿಸ್ತಾರೆ ಅಂತ. ಇವತ್ತಿನ ಯೂನಿವರ್ಸಿಟಿ ಪ್ರಾಸ್ಪೆಕ್ಟಸ್ ಇದ್ದ ಹಾಗೆ, ಸ್ವಲ್ಪ ಉತ್ಪ್ರೇಕ್ಷೆನೂ ಇರಬಹುದು. ಆಮೇಲೆ ಊಟದ ಪಟ್ಟಿ. ಇಲ್ಲಿ ಯಾರಿಗೆಲ್ಲ ತಡೆಯಿಲ್ಲದೆ ಅನ್ನ ಸಿಗುತ್ತೆ ಅಂತ. ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು. ಇಷ್ಟರ ತನಕ ಸರಿ. ಮುಂದಿನ ಹೆಸರುಗಳು: ಕಥೆ ಹೇಳೋರು, ಹಾಡೋರು, ವಾದ್ಯ ಬಾರಿಸೋರು, ಕೊಳಲು ಊದೋರು, ಕುಣಿಯೋರು, ಬೆಳಗ್ಗೆ ಹಾಡಿ ದೊರೆಗಳನ್ನ ಎಬ್ಬಿಸೋರು. ಅವರಾದ ಮೇಲೆ ಬಟ್ಟೆಯಿಲ್ಲದವರು, ಮೈ ಮುರಿದವರು, ಊರೂರು ಅಲೆಯುವ ನಾನಾ ಪಂಥದ ಭಿಕ್ಷುಕರು. ರೋಗಿಗಳಿಗೆ ಔಷಧಿನೂ ಅಲ್ಲೇ ಕೊಡ್ತಿದ್ರು.

ನಾನು ಆ ಪುಟ ಮುಚ್ಚಲಿಲ್ಲ. ಹಾಡುಗಾರ ನಿಂತಿರೋ ಜಾಗ ನೋಡಿ: ಕಿವುಡ ಮತ್ತು ಬೆತ್ತಲೆಯವನ ನಡುವೆ. ಅನ್ನದ ಸಾಲಿನಲ್ಲಿ.

ಇ

ದನ್ನ ಎರಡು ರೀತಿ ಓದಬಹುದು. ಅಯ್ಯೋ, ಕಲಾವಿದನನ್ನ ಭಿಕ್ಷುಕರ ಜೊತೆ ಸೇರಿಸಿದಾರೆ ಅಂತ ಬೇಜಾರು ಪಡಬಹುದು. ನಾಟಕ ಒಳಗೆ ಪಾಠ, ಕುಣಿಯೋನು ಹೊರಗೆ ಊಟದ ಸಾಲು, ಎರಡೂ ಒಂದೇ ಕಲ್ಲಿನಲ್ಲಿ ಅಂತ ವ್ಯಂಗ್ಯ ಮಾಡಬಹುದು. ನಾನೂ ಮೊದಲು ಹಾಗೇ ಮಾಡಿದೆ. ಆದರೆ ನನಗೆ ಈಗ ಅನ್ನಿಸೋದು ಬೇರೆ. ಆ ಮಠದಲ್ಲಿ ಯಾರೋ ಒಬ್ಬರಿಗೆ ಒಂದು ಸಣ್ಣ ಸತ್ಯ ಗೊತ್ತಿತ್ತು: ಊರಿಂದ ಊರಿಗೆ ಹೋಗುವ ಹಾಡುಗಾರನಿಗೆ ಹಾಡು ಮುಗಿದ ಮೇಲೆ ಆ ಊರಿನಲ್ಲಿ ಒಲೆ ಇರಲ್ಲ. ಅದಕ್ಕೆ ಬಿಟ್ಟು ಹೋಗದ ಹಾಗೆ ಒಬ್ಬೊಬ್ಬರ ಕಸುಬನ್ನೂ ಬೇರೆ ಬೇರೆ ಹೆಸರಿಟ್ಟು ಕಲ್ಲಿಗೆ ಹಾಕಿಸಿದ್ರು. ಕೊಳಲಿನವನು ವಾದ್ಯದವನಲ್ಲಿ ಸೇರಿ ಹೋಗ್ತಾನೆ ಬಿಡಿ ಅನ್ನಲಿಲ್ಲ, ಅವನನ್ನ ಬೇರೆಯಾಗೇ ಎಣಿಸಿದ್ರು. ಕಮಿಟಿ ಕೆಲಸ ಮಾಡಿದವರಿಗೆ ಗೊತ್ತು, ಊಟದ ಲೆಕ್ಕದಲ್ಲಿ ಯಾವಾಗ್ಲೂ ಬಿಟ್ಟು ಹೋಗೋದು ಢೋಲಕ್ಕಿನವನು, ಲೈಟಿನವನು.

ಹೊಸ ಕಾಲದ ಒಂದು ದಾಖಲೆಯನ್ನೂ ಇದರ ಪಕ್ಕ ಇಡ್ತೀನಿ. 2021ರ ಮೇ, ಕೋವಿಡ್ ಎರಡನೇ ಅಲೆ. ಜಾತ್ರೆ ಇಲ್ಲ, ಮದುವೆ ಇಲ್ಲ, ಮೇಳ ಅರ್ಧಕ್ಕೇ ನಿಂತಿತ್ತು. ಆಗ ಸರ್ಕಾರ ಘೋಷಿಸಿದ 1,250 ಕೋಟಿ ರೂಪಾಯಿ ಪ್ಯಾಕೇಜಿನಲ್ಲಿ ಹಲವು ಕಸುಬಿನವರ ಪಟ್ಟಿ ಇತ್ತು, ಆಟೋ ಚಾಲಕರು, ಹೂವಿನ ಬೆಳೆಗಾರರು, ಕಟ್ಟಡ ಕಾರ್ಮಿಕರು, ಬೀದಿ ವ್ಯಾಪಾರಿಗಳು. ಅದರಲ್ಲಿ ಕಲಾವಿದರೂ ಇದ್ರು, ತಲಾ 3,000 ರೂಪಾಯಿ. ಆ ಪಟ್ಟಿ ಓದಿದ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಆಗ ಶಿಕಾರಿಪುರದ ಶಾಸಕರಾಗಿದ್ರು. ಕೋಡಿಯ ಮಠ ಇದ್ದ ತಾಲ್ಲೂಕು. 3,000 ಸಾಕಾ ಅಂದ್ರೆ ಸಾಲದು, ಎಲ್ಲರಿಗೂ ಗೊತ್ತು. ನಾನು ನೋಡಿದ್ದು ಪಟ್ಟಿಯನ್ನ. 859 ವರ್ಷ ಆದ್ಮೇಲೂ ಹಾಡುಗಾರ ಒಂದು ಸಾಲಿನಲ್ಲಿ ನಿಂತಿದ್ದ, ಹಿಂದೆ ಮುಂದೆ ಇದ್ದವರು ಬದಲಾಗಿದ್ರು ಅಷ್ಟೇ.

ಸರಿ, ಅಕ್ಕನ ಮಗನಿಗೆ ವಾಪಸ್ ಬರೋಣ. ಅವನು ನಕ್ಕಿದ್ದಕ್ಕೆ ನನಗೆ ಹಟ ಬಂತು. ಆ ರಾತ್ರಿ ನಾನು ಒಂದು ಕ್ಯಾಸೆಟ್ ರೆಕಾರ್ಡ್ ಮಾಡಿದ್ದೆ. ಮನೆಯಲ್ಲಿದ್ದ ಟೂ-ಇನ್-ಒನ್ ತಂದು ವೇದಿಕೆಯ ಅಂಚಿನಲ್ಲಿ ಇಟ್ಟಿದ್ದೆ. ದಪ್ಪ ಬ್ಯಾಟರಿ ಹಾಕಿದ್ದು, ಹಾಗಾಗಿ ಕರೆಂಟ್ ಹೋದ್ರೂ ಅದು ಓಡ್ತಾನೇ ಇತ್ತು. ಆ ಕ್ಯಾಸೆಟ್ ಅಮ್ಮನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಸಿಕ್ತು. ಹುಡುಗ ಎಲ್ಲಿಂದಲೋ ಒಂದು ಹಳೇ ಪ್ಲೇಯರ್ ತಂದು, ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಫೈಲ್ ಮಾಡಿದ. ಕತ್ತಲಲ್ಲಿ ಹಾಡಿದ ಆ ನಾಲ್ಕು ಹಾಡು ಸೈಡ್ ಎ ಕೊನೆಯಲ್ಲಿ ಇವೆ. ಗರಗರ ಅನ್ನುತ್ತೆ, ಆದರೂ ಇವೆ. ಅವನು ಕಣ್ಣು ಮುಚ್ಚಿ ಕೇಳಿದ. "ಮಾಮ, ಇದು ಸಖತ್" ಅಂದ. ನನಗೆ ಕೋಲ್ಡ್‌ಪ್ಲೇ ಟಿಕೆಟ್ ಸಿಕ್ಕಷ್ಟು ಖುಷಿ.

ಸೈಡ್ ಬಿ ನಾನು ಯಾವತ್ತೂ ಪೂರ್ತಿ ಕೇಳಿರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೂ ಯಾರೂ ಅದನ್ನ ಆಫ್ ಮಾಡಿಲ್ಲ. ಮಂಗಳ ಹಾಡಿದ ಮೇಲೆ ಜನ ಏಳುವ ಸದ್ದು, ಟ್ರ್ಯಾಕ್ಟರ್, ವೈರ್ ಸುತ್ತುವವರ ಮಾತು. ಹತ್ತು ನಿಮಿಷ ಹೀಗೇ. ಆಮೇಲೆ ಆ ಅಕ್ಕನ ದನಿ, ಹಾಡುವಾಗಿನದ್ದಲ್ಲ, ಮಾತಿನದ್ದು. ಅದಕ್ಕೆ ಉತ್ತರ ಕೊಡುವ ಒಂದು ಗಂಡು ದನಿ. ಹುಡುಗ ತಕ್ಷಣ, "ಮಾಮ, ಇದು ನೀನಾ?" ಅಂದ.

ಕಮಿಟಿಯವರು ನಾವು ಹನ್ನೆರಡು ಜನ ರಾತ್ರಿ ಹತ್ತಕ್ಕೇ ಊಟ ಮುಗಿಸಿದ್ವಿ. ನಮ್ಮ ಗೆಳೆಯರು, ಅವರ ಗೆಳೆಯರು. ಕಲಾವಿದರಿಗೆ ಅಂತ ಬೇರೆ ಎತ್ತಿಡಬೇಕಿತ್ತು. ಎತ್ತಿಡಬೇಕಾದವನು ನಾನು. ಒಪ್ಪಿಕೊಂಡ ದುಡ್ಡಿನಲ್ಲೂ ಅರ್ಧ ಕೊಟ್ಟು, ಉಳಿದದ್ದು ಮನಿಯಾರ್ಡರ್ ಮಾಡ್ತೀವಿ ಅಂದಿದ್ವಿ. ಮಾಡಿದ್ರಾ ಅಂತ ಹೋದ ತಿಂಗಳು ಹಳೇ ಗೆಳೆಯರಿಗೆಲ್ಲ ಫೋನ್ ಹಚ್ಚಿ ಕೇಳಿದೆ. ಒಬ್ಬ "ಮಾಡಿರ್ಬೇಕು ಬಿಡೋ" ಅಂದ. ಇನ್ನೊಬ್ಬ ವಿಷಯ ಬದಲಾಯಿಸಿದ. ಆ ಅಕ್ಕ ಎಲ್ಲಿದಾರೆ ಅಂತ ಶಿವಮೊಗ್ಗದ ಕಡೆ ಹಳೇ ಆರ್ಕೆಸ್ಟ್ರಾದವರ ಹತ್ರ ವಿಚಾರಿಸ್ತಾ ಇದೀನಿ, ಇನ್ನೂ ಗೊತ್ತಾಗಿಲ್ಲ.

ಹುಡುಗ ಆ ನಾಲ್ಕು ಹಾಡಿನ ರೀಲ್ ಮಾಡ್ತೀನಿ ಅಂದ, ಸೈಡ್ ಬಿ ಕೊನೆಯನ್ನ ಕಟ್ ಮಾಡ್ಲಾ ಅಂತ ಕೇಳಿದ. ಅದನ್ನ ಅವನ ಕೈಯಿಂದ ತಗೊಂಡು ಇಲ್ಲಿ ಹಾಕ್ತಿದೀನಿ. ದನಿ ಸಣ್ಣದಿದೆ, ಇಯರ್‌ಫೋನ್ ಇದ್ರೆ ಸ್ವಲ್ಪ ಜೋರು ಮಾಡ್ಕೊಳ್ಳಿ.

(ಕ್ಯಾಸೆಟ್ ಧ್ವನಿ: ಗರಗರ ಸದ್ದು, ದೂರದಲ್ಲಿ ಟ್ರ್ಯಾಕ್ಟರ್)

ಹೆಣ್ಣು ದನಿ: ತಮ್ಮಾ, ಊಟ ಎಲ್ಲಿ ಇಟ್ಟೀರಿ?

ಗಂಡು ದನಿ: ಖಾಲಿ ಆಗೈತಕ್ಕಾ. ಜನ ಜಾಸ್ತಿ ಬಂದ್ಬಿಟ್ರು.

ಹೆಣ್ಣು ದನಿ: ನನಗ ಬ್ಯಾಡ ಬಿಡು. ಢೋಲಕ್ ಹುಡುಗ ಮಧ್ಯಾಹ್ನದಿಂದ ಏನೂ ತಿಂದಿಲ್ಲ, ಅವನಿಗಾದ್ರೂ ಏನಾರ ಐತಾ ನೋಡು.

ಗಂಡು ದನಿ: ಮಂಡಕ್ಕಿ ಐತೇನೋ, ನೋಡ್ತೀನಿ.

(ಹೆಜ್ಜೆ ಸದ್ದು. ಎರಡು ನಿಮಿಷ ಯಾರೂ ಮಾತಾಡುವುದಿಲ್ಲ. ಟೆಂಪೋ ಸ್ಟಾರ್ಟ್ ಆಗುವ ಸದ್ದು. ಕ್ಯಾಸೆಟ್ ಮುಗಿಯುತ್ತದೆ.)